ಚಳಿಗಾಲದ ಚಾರಣಕ್ಕೆ 25 ಜನ: ಮೊದಲು ದೇವರಾಯನದುರ್ಗವಾ, ಸೀದಾ ಕುಮಾರ ಪರ್ವತವಾ?

ತುಮಕೂರ್ ವಾಕರ್:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಬೆಳಗಿನ ವಾಕಿಂಗ್ ಗುಂಪು ಈಗ 25 ಜನಕ್ಕೆ ಬಂದು ನಿಂತಿದೆ. ಏಳನೇ ಕ್ಲಾಸಿನ ಹುಡುಗಿ ಒಬ್ಬಳಿದ್ದಾಳೆ, 64 ವರ್ಷದ ರಿಟೈರ್ಡ್ ಮೇಷ್ಟ್ರು ಒಬ್ಬರಿದ್ದಾರೆ, ಮಿಕ್ಕವರೆಲ್ಲ ನಡುವಿನವರು. ಮಳೆ ಮುಗಿಯಿತು, ಜಿಗಣೆ ಕಾಟವೂ ಇರುವುದಿಲ್ಲ, ಈ ಚಳಿಗಾಲ ಒಟ್ಟಿಗೆ ಕಾಡು ಸುತ್ತೋಣ ಅಂತ ಮಾತಾಯಿತು. ಅಲ್ಲಿಂದ ಜಗಳ ಶುರು.

ಅರ್ಧ ಜನಕ್ಕೆ ಡಿಸೆಂಬರ್ ಮೂರನೇ ಶನಿವಾರ ಮಿನಿ ಬಸ್ ಮಾಡಿಕೊಂಡು ಕುಕ್ಕೆಗೆ ಹೋಗಿ, ಕುಮಾರ ಪರ್ವತ ಹತ್ತಿ ಬರುವ ಆಸೆ. ಇನ್ನರ್ಧ ಜನ ಪಕ್ಕದಲ್ಲೇ ದೇವರಾಯನದುರ್ಗದ ಕಾಡಿದೆ, ಮೊದಲು ಅಲ್ಲಿ ನಡೆದು ನೋಡೋಣ ಅನ್ನುತ್ತಾರೆ. ಜನವರಿ ಕೊನೆಗೆ ಕೊಡಚಾದ್ರಿ ಅನ್ನುವುದಕ್ಕೆ ಮಾತ್ರ ಎಲ್ಲರೂ ಒಪ್ಪಿದ್ದಾರೆ. ಅನುಭವ ಇದ್ದವರು ಹೇಳಿ. ಇಷ್ಟು ಜನ ಒಂದೇ ಸಲ ಹೋಗಬಹುದಾ? ಪರ್ಮಿಷನ್ ಕಥೆ ಏನು? ಚಳಿಗೆ ಏನೇನು ಒಯ್ಯಬೇಕು?

ಹಳೇ ಬೂಟು:
25 ಜನ ಅಂದರೆ ಮೊದಲು ಗಡಿಯಾರ ನೋಡಿ ಸರ್.

ಡಿಸೆಂಬರಿನಲ್ಲಿ ನಮ್ಮ ಕಡೆ ಹಗಲು ಹನ್ನೊಂದೂವರೆ ಗಂಟೆಯೂ ಇರುವುದಿಲ್ಲ. ಸೂರ್ಯ ಹುಟ್ಟುವಾಗ ಆರೂವರೆ ದಾಟಿರುತ್ತದೆ, ಮುಳುಗುವುದು ಆರರ ಸುಮಾರಿಗೆ. ದಟ್ಟ ಕಾಡಿನೊಳಗೆ ಐದೂವರೆಗೆಲ್ಲ ಕಾಲ ಕೆಳಗಿನ ಬೇರು ಕಾಣುವುದಿಲ್ಲ. ಕುಮಾರ ಪರ್ವತವನ್ನು ಕುಕ್ಕೆ ಕಡೆಯಿಂದ ಹತ್ತಿದರೆ ಒಂದು ಕಡೆಗೇ 13 ಕಿಲೋಮೀಟರ್ ಹತ್ತಿರ ಹತ್ತಿರ. ಊರು ಸಮುದ್ರ ಮಟ್ಟದಿಂದ ಸ್ವಲ್ಪವೇ ಮೇಲಿದೆ, ತುದಿ 1,712 ಮೀಟರ್. ಅಂದರೆ ಸುಮಾರು 1,600 ಮೀಟರ್ ಏರಬೇಕು, ಅದೇ ದಿನ ಅಷ್ಟನ್ನೂ ಇಳಿಯಬೇಕು. ದಿನಾ ನಡೆಯುವ ಗಟ್ಟಿ ಕಾಲಿನವರಿಗೇ ಹತ್ತು ಗಂಟೆ ಬೇಕು.

ಈಗ ನಿಮ್ಮ ಗುಂಪಿನ ಲೆಕ್ಕ ಹಾಕಿ. ಶೇಷ ಪರ್ವತ ದಾಟಿದ ಮೇಲೆ ಒಂದು ಬಂಡೆ ಬರುತ್ತದೆ. ಅಲ್ಲಿ ಒಬ್ಬರ ಹಿಂದೆ ಒಬ್ಬರೇ ಹತ್ತಬೇಕು. ತಲೆಗೆ ಎರಡು ನಿಮಿಷ ಹಿಡಿದರೂ 25 ಜನಕ್ಕೆ 50 ನಿಮಿಷ. ಇಳಿಯುವಾಗ ಇನ್ನೂ 50. ನೀರು ಕುಡಿಯಲು ಒಬ್ಬರು ನಿಂತರೆ ಐವರು ನಿಲ್ಲುತ್ತಾರೆ. ಒಬ್ಬರು ಫೋಟೊ ತೆಗೆದರೆ ಎಲ್ಲರೂ ತೆಗೆಯುತ್ತಾರೆ. ಬೆಟ್ಟ ಹತ್ತಲು ಇಟ್ಟುಕೊಂಡ ಹೊತ್ತು ಕಾಯುವುದರಲ್ಲೇ ಕರಗುತ್ತದೆ.

ಒಂದು ಗುಂಪಿಗೆ ಎಂಟು, ಹೆಚ್ಚೆಂದರೆ ಹತ್ತು ಜನ. 25 ಜನ ಇದ್ದರೆ ಮೂರು ಗುಂಪು, ಮೂರು ಬೇರೆ ಬೇರೆ ಭಾನುವಾರ. ಇದಕ್ಕೆ ನಿಮ್ಮವರು ಬೇಜಾರು ಮಾಡಿಕೊಳ್ಳುತ್ತಾರೆ, ಗೊತ್ತು. ಮಾಡಿಕೊಳ್ಳಲಿ ಬಿಡಿ.

ಘಟ್ಟದ ಕೆಳಗಿನವ:
ನಾನು ಸುಬ್ರಹ್ಮಣ್ಯದ ಹತ್ತಿರದವ. ಬೂಟು ಅಣ್ಣ ಹೇಳಿದ್ದು ಸರಿ ಉಂಟು. ನನ್ನದು ಇನ್ನು ನಾಲ್ಕು ಮಾತು.

ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದ ಒಳಗೆ ಮಾರಾಯ್ರೆ. ಬಸ್ ಮಾಡಿಕೊಂಡು ಬಂದು ಇಳಿದು ಹತ್ತುವ ಕಾಲ ಹೋಯಿತು. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಗುಡ್ಡದ ಮೇಲೆ ನೂರಾರು ಜನ ಸಾಲು ನಿಂತ ಫೋಟೊ ನೀವೂ ನೋಡಿರಬೇಕು. ಅದು ಎಲ್ಲ ಕಡೆ ಹರಿದಾಡಿದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ಸದ್ಯಕ್ಕೆ ನಿಲ್ಲಿಸಿ ಅಂದರು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ವೆಬ್‌ಸೈಟ್ ಬಂತು. ಈಗ ದಿನಕ್ಕೆ ಇಂತಿಷ್ಟೇ ಜನ ಅಂತ ಲೆಕ್ಕ ಉಂಟು. ಎಲ್ಲರ ಗುರುತಿನ ಚೀಟಿ ಬೇಕು. ಚಳಿಗಾಲದ ಶನಿವಾರ, ಭಾನುವಾರ ಬೇಗ ತುಂಬಿ ಹೋಗುತ್ತದೆ. ಬಸ್ ಅಡ್ವಾನ್ಸ್ ಕೊಡುವ ಮೊದಲು ಟಿಕೆಟ್ ತೆಗೆಯಿರಿ.

ಚಳಿಗಾಲ ಅಂದರೆ ತಂಪು ಅಂತ ಎಣಿಸಬೇಡಿ. ದಾರಿ ನಡುವಿನ ಭಟ್ಟರ ಮನೆಯವರೆಗೆ ಕಾಡು, ನೆರಳು. ಅಲ್ಲಿಂದ ಮೇಲೆ ಬೋಳು ಹುಲ್ಲುಗುಡ್ಡ. ಕಲ್ಲು ಮಂಟಪದವರೆಗೆ ಬಿಸಿಲು ನೆತ್ತಿಗೇ ಬಡಿಯುತ್ತದೆ. ಬೆಳಿಗ್ಗೆ ಸ್ವೆಟರ್ ಹಾಕಿ ನಡುಗಿದವರೇ ಹನ್ನೊಂದು ಗಂಟೆಗೆ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಕೂತಿರುತ್ತಾರೆ.

ಇನ್ನು ಡಿಸೆಂಬರ್ ಅಂದಿರಲ್ಲ, ಚಂಪಾಷಷ್ಠಿ ಯಾವತ್ತು ಅಂತ ಪಂಚಾಂಗ ನೋಡಿಕೊಳ್ಳಿ. ಆ ವಾರ ಕುಕ್ಕೆಯಲ್ಲಿ ತೇರು. ನಿಮಗೆ ಉಳಿಯಲು ರೂಮು ಬಿಡಿ, ಬಸ್ ನಿಲ್ಲಿಸಲು ಜಾಗ ಸಿಕ್ಕಿದರೂ ಪುಣ್ಯ.

ಬೈಕ್ ಬಸ್ಯಾ:
ಆನೆ ಫ್ರೀ, ಹಂದಿ ಫ್ರೀ, ನಾವು ಮಾತ್ರ ಟಿಕೆಟ್ ತಗೋಬೇಕು. ನಮ್ಮ ತಾತ ಸೌದೆ ತರೋಕೆ ಹೋಗುತ್ತಿದ್ದ ಗುಡ್ಡಕ್ಕೆ ನಾವು ಆಧಾರ್ ಕಾರ್ಡ್ ತೋರಿಸಿ ಹೋಗಬೇಕಾ ಗುರು?

ಘಟ್ಟದ ಕೆಳಗಿನವ:
ಬಸ್ಯಾ, ನಿಮ್ಮ ತಾತ 300 ಜನರನ್ನು ಕಟ್ಟಿಕೊಂಡು ಸ್ಪೀಕರ್ ಹಾಕಿಕೊಂಡು ಸೌದೆಗೆ ಹೋಗುತ್ತಿರಲಿಲ್ಲ.

ಬೈಕ್ ಬಸ್ಯಾ:
ಹಹ್ಹ, ಅದು ಸರಿ. ಆದರೂ ದುಡ್ಡು ತಗೊಂಡ ಮೇಲೆ ದಾರಿಯಲ್ಲಿ ಒಂದು ಶೌಚಾಲಯ, ಎರಡು ಬೋರ್ಡ್ ಆದರೂ ಇರಬೇಕಲ್ವಾ? ಎಲ್ಲ ಕಡೆ ಎಲ್ಲಿದೆ? ಮಿತಿ ಹಾಕುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಲೆಕ್ಕ ಕೇಳುವವರು ಯಾರೂ ಇಲ್ಲ ಅನ್ನುವುದಕ್ಕೆ.

ಪಾತರಗಿತ್ತಿ:
ಬಸ್ಯಾ ಅವರು ಶೌಚಾಲಯದ ಮಾತು ತೆಗೆದಿದ್ದಕ್ಕೆ ಥ್ಯಾಂಕ್ಸ್. ಇಂಥ ಚರ್ಚೆಗಳಲ್ಲಿ ಶೂ ಯಾವುದು, ಟಾರ್ಚ್ ಯಾವುದು ಅಂತ ಪುಟಗಟ್ಟಲೆ ಬರೆಯುತ್ತಾರೆ, ಇದನ್ನು ಯಾರೂ ಬರೆಯುವುದಿಲ್ಲ.

ವಾಕರ್ ಸರ್, ನಿಮ್ಮ ಗುಂಪಿನಲ್ಲಿ ಹೆಂಗಸರು ಎಷ್ಟು ಜನ? ಗಂಡಸರ ಗುಂಪಿನ ಜೊತೆ ಹೋದಾಗ ಹೆಚ್ಚಿನ ಹೆಂಗಸರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಕಾರಣ ನಿಮಗೆ ಗೊತ್ತಿರಲಿ. ಚಳಿಯಲ್ಲಿ ಬಾಯಾರಿಕೆಯೂ ಆಗುವುದಿಲ್ಲ, ಹಾಗಾಗಿ ಗೊತ್ತೇ ಆಗದೆ ಮಧ್ಯಾಹ್ನ ತಲೆನೋವು, ಕಾಲು ಸೆಳೆತ ಶುರುವಾಗುತ್ತದೆ. ನಾವು ಮಾಡುವುದು ಸುಲಭದ ಕೆಲಸ. ಪ್ರತಿ ಒಂದೂವರೆ ಗಂಟೆಗೆ ಗಂಡಸರೆಲ್ಲ ಹತ್ತು ನಿಮಿಷ ಮುಂದೆ ನಡೆಯಬೇಕು, ತಿರುಗಿ ನೋಡಬಾರದು, ಕರೆಯುವವರೆಗೆ ವಾಪಸ್ ಬರಬಾರದು. ಇದನ್ನು ಹೊರಡುವ ಮೊದಲೇ ಎಲ್ಲರ ಎದುರು ಹೇಳಿಬಿಡಿ. ಹೇಳಲು ಮುಜುಗರ ಒಂದು ನಿಮಿಷ, ಆಮೇಲೆ ದಿನವಿಡೀ ಆರಾಮ. ಬಳಸಿದ ಪ್ಯಾಡ್ ವಾಪಸ್ ತರಲು ಪೇಪರ್ ಸುತ್ತಿ ಇಡುವ ಒಂದು ಜಿಪ್ ಚೀಲ ಸಾಕು. ಟಿಶ್ಯೂ ಪೇಪರೂ ಅದರಲ್ಲೇ ಬರಲಿ, ಕಾಡಿನಲ್ಲಿ ಬಿಡಬೇಡಿ.

ಇನ್ನೊಂದು ವಿಷಯ. ಒಂದು ಚಾರಣ ಕಂಪನಿಯ ಜೊತೆ ಚಿಕ್ಕಮಗಳೂರು ಕಡೆ ಹೋಗಿದ್ದೆ. ಹೆಸರು ಬೇಡ. ಗೈಡ್ ಅಂತ ಬಂದ ಹುಡುಗ ಮುಂದೆ ಓಡಿದ. ಹಿಂದೆ ಯಾರೂ ಇಲ್ಲ. ನಾವು ಮೂವರು ಹೆಂಗಸರು ಕವಲು ದಾರಿಯಲ್ಲಿ ನಿಂತು ಯಾವ ಕಡೆ ಹೋಗಬೇಕು ಅಂತ ಒಬ್ಬರ ಮುಖ ಒಬ್ಬರು ನೋಡಿದೆವು. ಫೋನಿಗೆ ಸಿಗ್ನಲ್ ಇಲ್ಲ. ಕೊನೆಗೆ ಕಾಫಿ ತೋಟದ ಕೆಲಸದವರು ದಾರಿ ತೋರಿಸಿದರು. ದುಡ್ಡು ಕೊಟ್ಟು ಹೋದರೂ ಕಟ್ಟಕಡೆಗೆ ಯಾರು ನಡೆಯುತ್ತಾರೆ ಅಂತ ಮೊದಲೇ ಕೇಳಿ.

ಹಳೇ ಬೂಟು:
ಪಾತರಗಿತ್ತಿ ಮೇಡಂ, ನೂರಕ್ಕೆ ನೂರು. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ಆಳನ್ನು ಎಲ್ಲರಿಗಿಂತ ಹಿಂದೆ ಹಾಕಬೇಕು. ನಮ್ಮಲ್ಲಿ ಉಲ್ಟಾ. ಗಟ್ಟಿ ಇರುವವನು ಮುಂದೆ ಹೋಗಿ ಬಂಡೆ ಮೇಲೆ ಕೂತು ರೀಲ್ಸ್ ಮಾಡುತ್ತಿರುತ್ತಾನೆ.

ನಾವು ಮಾಡುವುದು ಹೀಗೆ. ಮುಂದೆ ಒಬ್ಬರು, ದಾರಿ ಗೊತ್ತಿರುವವರು. ಅವರನ್ನು ಯಾರೂ ದಾಟುವ ಹಾಗಿಲ್ಲ. ಹಿಂದೆ ಒಬ್ಬರು, ಅವರ ಹಿಂದೆ ಯಾರೂ ಉಳಿಯುವ ಹಾಗಿಲ್ಲ. ಇಬ್ಬರ ಹತ್ತಿರವೂ ಪೀಪಿ. ಒಂದು ಸಲ ಊದಿದರೆ ನಿಲ್ಲಿ, ಮೂರು ಸಲ ಊದಿದರೆ ಯಾರಿಗೋ ತೊಂದರೆ. ಕವಲು ದಾರಿ ಬಂದರೆ ಮುಂದಿನವರು ಅಲ್ಲೇ ನಿಲ್ಲಬೇಕು, ಕೊನೆಯವರ ಮುಖ ಕಂಡ ಮೇಲೆ ಹೊರಡಬೇಕು. ಇಷ್ಟು ಮಾಡಿದರೆ ಗುಂಪು ಎರಡು ಹೋಳಾಗುವುದಿಲ್ಲ.

ಮತ್ತೆ ವಾಪಸ್ ತಿರುಗುವ ಹೊತ್ತು. ಬೆಟ್ಟದ ಬುಡದಲ್ಲೇ ಹೇಳಿಬಿಡಿ, ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುತ್ತೇವೆ ಅಂತ. ಕುಮಾರ ಪರ್ವತವಾದರೆ ನಾನು ಹನ್ನೆರಡೂವರೆ ಅನ್ನುತ್ತೇನೆ. ತುದಿ ಕಾಲು ಗಂಟೆ ದೂರದಲ್ಲಿ ಕಂಡರೂ ತಿರುಗಬೇಕು. ಅಲ್ಲೇ ಎಲ್ಲರೂ ಜಗಳ ಆಡುವುದು.

ಕ್ಯಾತ್ಸಂದ್ರ ಕ್ರಾಸ್:
ಅಲ್ಲಾ ಸ್ವಾಮಿ, ತುಮಕೂರಿನವರು ದೇವರಾಯನದುರ್ಗ ಬಿಟ್ಟು ಕುಕ್ಕೆಗೆ ಹೋಗುತ್ತೇವೆ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಊರಿನಿಂದ ಹದಿನೈದು ಕಿಲೋಮೀಟರ್. ಜಯಮಂಗಲಿ ಹುಟ್ಟುವುದು ಇಲ್ಲೇ, ಶಿಂಷಾ ಹುಟ್ಟುವುದೂ ಇಲ್ಲೇ. ನಮ್ಮ ಜನಕ್ಕೆ ಗೊತ್ತಿರುವುದು ಮೇಲಿನ ಯೋಗಾನರಸಿಂಹ, ಕೆಳಗಿನ ಭೋಗಾನರಸಿಂಹ, ನಾಮದ ಚಿಲುಮೆಯ ಜಿಂಕೆ, ಅಷ್ಟೇ. ಕಾರಿನಲ್ಲಿ ಹೋಗಿ ಕಾರಿನಲ್ಲಿ ಬರುತ್ತಾರೆ.

ಡಿಸೆಂಬರಿನಲ್ಲಿ ಬೆಳಿಗ್ಗೆ ನಡೆದು ನೋಡಿ. ಬಾದೆ ಹುಲ್ಲು ಎದೆ ಮಟ್ಟ ನಿಂತು ಒಣಗಲು ಶುರುವಾಗಿರುತ್ತದೆ, ಇಬ್ಬನಿಗೆ ಪ್ಯಾಂಟು ಮೊಣಕಾಲವರೆಗೆ ಒದ್ದೆ. ಉತ್ತರಾಣಿ ಕಾಯಿ ಸಾಕ್ಸಿನ ಒಳಗೆಲ್ಲ ಹೊಕ್ಕು ಚುಚ್ಚುತ್ತದೆ. ಒಂದೊಂದನ್ನೇ ಉಗುರಿನಲ್ಲಿ ಕೀಳಬೇಕು, ಎಳೆದರೆ ಮುಳ್ಳಿನ ತುದಿ ಬಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಹೇಳುವುದು, ಉಣ್ಣೆ ಸಾಕ್ಸ್ ಬೇಡ, ನುಣುಪು ಬಟ್ಟೆಯ ಪ್ಯಾಂಟು ಹಾಕಿ ಅಂತ. ನೆಲ್ಲಿಕಾಯಿ ಬಿಟ್ಟಿರುತ್ತದೆ. ಹಕ್ಕಿ ನೋಡುವವರಿದ್ದರೆ ಬೈನಾಕ್ಯುಲರ್ ತನ್ನಿ. ಬಂಡೆ ಪೊದೆಗಳ ನಡುವೆ ಹಳದಿ ಕೊರಳಿನ ಪಿಕಳಾರ ಇದೆ. ಅದು ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಚಳಿಗಾಲಕ್ಕೆ ಉತ್ತರದಿಂದ ಬರುವ ನವರಂಗವೂ ತರಗೆಲೆ ಕೆದಕುತ್ತಾ ಕಾಣಬಹುದು. ಆದರೆ 25 ಜನ ಮಾತಾಡಿಕೊಂಡು ಹೋದರೆ ಕಾಗೆಯೂ ಕಾಣುವುದಿಲ್ಲ.

ಇದು ಮೀಸಲು ಅರಣ್ಯ. ಟಾರು ರಸ್ತೆ, ದೇವಸ್ಥಾನ ಬಿಟ್ಟು ಒಳದಾರಿ ಹಿಡಿಯುವುದಾದರೆ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿ. ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಬರೆದುಕೊಡಿ. ಒಪ್ಪಿದರೆ ಕಾವಲುಗಾರರೊಬ್ಬರನ್ನು ಜೊತೆಗೆ ಕಳಿಸಿ ಅಂತ ಕೇಳಿಕೊಳ್ಳಿ. ಬೇಡ ಅಂದರೆ ಬೇಡ. ಚಿರತೆ, ಕರಡಿ ಎರಡೂ ಇರುವ ಕಾಡು ಅದು.

ಕೊಪ್ಪಳದ ಕಲ್ಲು:
ಕರಡಿ ಮಾತು ಬಂತು, ನಾನೂ ಒಂದು ಹೇಳುತ್ತೇನೆ. ನಮ್ಮ ಕಡೆ ಕಲ್ಲುಗುಡ್ಡದಲ್ಲಿ ಕರಡಿ ಜಾಸ್ತಿ. ದರೋಜಿಯಲ್ಲಿ ಅದಕ್ಕೇ ಅಂತ ಧಾಮ ಇದೆಯಲ್ಲ. ಕರಡಿಗೆ ಕಣ್ಣು ಮಂದ, ಮೂಗು ಚುರುಕು. ಎದುರು ಗಾಳಿ ಇದ್ದರೆ ನೀವು ಹತ್ತಿರ ಹೋಗುವವರೆಗೂ ಅದಕ್ಕೆ ಗೊತ್ತಾಗುವುದಿಲ್ಲ. ಗಾಬರಿಯಾದರೆ ಮೈಮೇಲೆ ಬೀಳುತ್ತದೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಬಂಡೆ ಸಂದಿ, ಗವಿ ಹತ್ತಿರ ಹೋಗಲೇಬೇಡಿ. ಪೊದೆ ಇರುವ ಕಡೆ ಸ್ವಲ್ಪ ಮಾತಾಡಿಕೊಂಡು, ಕೋಲಿನಲ್ಲಿ ಕಲ್ಲು ತಟ್ಟಿಕೊಂಡು ನಡೆಯಿರಿ. ಹಕ್ಕಿ ನೋಡುವವರು ನನ್ನನ್ನು ಬೈದುಕೊಳ್ಳಲಿ.

ಕರಡಿಗಿಂತ ನನಗೆ ಹೆಜ್ಜೇನಿನ ಭಯ ಜಾಸ್ತಿ. ದೊಡ್ಡ ಬಂಡೆಯ ಓರೆಯಲ್ಲಿ ಕಪ್ಪಗೆ ಜೋತಾಡುತ್ತಿದ್ದರೆ ದೂರದಿಂದಲೇ ದಾರಿ ಬದಲಿಸಿ. ಘಮಘಮ ಸೆಂಟು ಹಾಕಿಕೊಂಡು ಬರಬೇಡಿ. ಅದರ ಕೆಳಗೆ ಬೀಡಿ ಹಚ್ಚುವ ಮಹಾನುಭಾವರೂ ಇದ್ದಾರೆ. 25 ಜನ ಇಕ್ಕಟ್ಟು ದಾರಿಯಲ್ಲಿ ಇರುವಾಗ ಜೇನು ಎದ್ದರೆ ಓಡಲು ಜಾಗ ಎಲ್ಲಿದೆ?

ತುಮಕೂರ್ ವಾಕರ್:
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಗುಂಪಿನಲ್ಲಿ ಓದಿ ಹೇಳಿದೆ. ಮೂರು ಗುಂಪು ಮಾಡುವ ಮಾತಿಗೆ ಸ್ವಲ್ಪ ಗಲಾಟೆ ಆಯಿತು, ಯಾರು ಯಾರ ಜೊತೆ ಅಂತ. ನಮ್ಮ ಮೇಷ್ಟ್ರು ಮಾತ್ರ ‘ನಾನು ನಿಧಾನ, ನನ್ನಿಂದ ನಿಮಗೆ ತೊಂದರೆ, ನಾನು ಬರಲ್ಲ’ ಅಂತ ಕೂತಿದ್ದಾರೆ. ಇದಕ್ಕೇನು ಮಾಡೋದು? ಕ್ಯಾಂಪ್‌ಫೈರ್ ಮಾಡಬಹುದಾ ಅಂತ ಹುಡುಗರು ಕೇಳುತ್ತಿದ್ದಾರೆ.

ಹಳೇ ಬೂಟು:
ಮೇಷ್ಟ್ರನ್ನು ಮುಂದಾಳಿನ ಹಿಂದೆಯೇ, ಎರಡನೆಯವರಾಗಿ ನಡೆಸಿ. ಅವರ ಹೆಜ್ಜೆಯೇ ಎಲ್ಲರ ಹೆಜ್ಜೆ. ನಿಧಾನದವರನ್ನು ಹಿಂದೆ ಹಾಕಿದರೆ ಏನಾಗುತ್ತದೆ ಗೊತ್ತಾ? ಮುಂದಿನವರು ನಿಂತು ಸುಧಾರಿಸಿಕೊಂಡಿರುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದ ಕೂಡಲೇ ‘ಹೊರಡೋಣ್ವಾ’ ಅಂತ ಎದ್ದುಬಿಡುತ್ತಾರೆ. ಜಾಸ್ತಿ ದಣಿದವರಿಗೇ ವಿಶ್ರಾಂತಿ ಇಲ್ಲ. ಇದು ಅನ್ಯಾಯ ಅಲ್ವಾ? ಮೊದಲ ಸಲಕ್ಕೆ ಆರೇಳು ಕಿಲೋಮೀಟರ್ ಸಾಕು. ಅವರು ಬಂದೇ ಬರುತ್ತಾರೆ.

ಬೆಂಕಿ ಬೇಡ. ಹುಡುಗರಿಗೆ ಖಡಾಖಂಡಿತವಾಗಿ ಹೇಳಿ.

ಕ್ಯಾತ್ಸಂದ್ರ ಕ್ರಾಸ್:
ಬೆಂಕಿ ವಿಷಯಕ್ಕೆ ನಾನೂ ದನಿ ಸೇರಿಸುತ್ತೇನೆ. ಆ ಹುಲ್ಲು ಜನವರಿಗೆ ಗರಿಗರಿ ಒಣಗಿರುತ್ತದೆ. ಅರಣ್ಯ ಇಲಾಖೆಯವರು ಚಳಿಗಾಲದಲ್ಲಿ ಬೆಂಕಿ ರೇಖೆ ಮಾಡಿಸುವುದು, ಅಂದರೆ ಹುಲ್ಲಿನ ಪಟ್ಟಿ ಕೆರೆಸಿ ಸುಡಿಸುವುದು, ಬೇಸಿಗೆಯ ಬೆಂಕಿ ಅದನ್ನು ದಾಟದಿರಲಿ ಅಂತ. ನೀವು ಆ ಪಟ್ಟಿಯ ಆಚೆ ಕೂತು ಒಲೆ ಹಚ್ಚಿದರೆ ಅವರ ಕೆಲಸವೆಲ್ಲ ನೀರಲ್ಲಿ ಹೋಮ. ಟೀ ಬೇಕಾದರೆ ಫ್ಲಾಸ್ಕಿನಲ್ಲಿ ತನ್ನಿ.

ಸಾಗರದ ಸೊಸೆ:
ತಡವಾಗಿ ಓದಿದೆ. ಎಲ್ಲರೂ ಕರಡಿ, ಜೇನು ಅಂತ ಹೇಳಿದ್ದೀರಿ, ಜನವರಿ ಕೊನೆಗೆ ಕೊಡಚಾದ್ರಿ ಅಂತ ವಾಕರ್ ಅವರು ಬರೆದಿದ್ದನ್ನು ಯಾರೂ ಗಮನಿಸಿಲ್ಲ. ಅದು ನಮ್ಮ ಪಕ್ಕದ ಹೊಸನಗರ ತಾಲ್ಲೂಕು. ಜಿಗಣೆ ಹೋಯಿತು ಅಂತ ಖುಷಿಪಡುವ ಹೊತ್ತಿಗೇ ನಮ್ಮಲ್ಲಿ ಉಣುಗಿನ ಕಾಲ ಶುರು.

ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ ಅಂತ ಹೆಸರು. ಮಳೆ ಮುಗಿದ ಮೇಲೆ ಉಣುಗಿನ ಮರಿಗಳು ಬೆಳೆಯುತ್ತವೆ. ಡಿಸೆಂಬರಿನಿಂದ ಮೇವರೆಗೆ ಕಾಯಿಲೆ ಕಾಣಿಸಿಕೊಳ್ಳುವ ಕಾಲ, ಜನವರಿಯಿಂದ ಮಾರ್ಚ್ ಜೋರು. ಆ ಮರಿ ಉಣುಗು ಎಳ್ಳು ಕಾಳಿನಷ್ಟೂ ಇರುವುದಿಲ್ಲ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಸೊಂಟದ ಪಟ್ಟಿ, ಮೊಣಕಾಲ ಹಿಂದೆ, ಕಂಕುಳಲ್ಲಿ ಹೋಗಿ ಕೂರುತ್ತದೆ. 2019ರ ಹೊತ್ತಿಗೆ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಎಷ್ಟು ಮನೆಗಳು ಕಷ್ಟಪಟ್ಟವು ಅಂತ ಇಲ್ಲಿಯವರನ್ನು ಕೇಳಿ.

ಹೆದರಿಸಲು ಹೇಳುತ್ತಿಲ್ಲ. ನಾವು ದಿನಾ ತೋಟಕ್ಕೆ, ಸೊಪ್ಪಿಗೆ ಹೋಗುವವರು. ಬರುವ ಮೊದಲು ಆ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಮಂಗ ಸತ್ತ ಸುದ್ದಿ ಇದೆಯಾ, ಯಾರಿಗಾದರೂ ಜ್ವರ ಬಂದಿದೆಯಾ ಅಂತ ಕೇಳಿ. ಇದ್ದರೆ ಬರಬೇಡಿ. ಬಂದರೆ ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಬಟ್ಟೆಯ ಬಣ್ಣ ತಿಳಿ ಇರಲಿ, ಉಣುಗು ಹತ್ತಿದರೆ ಕಾಣುತ್ತದೆ. ಆರೋಗ್ಯ ಇಲಾಖೆಯವರು ಊರವರಿಗೆ ಡೆಪಾ ಎಣ್ಣೆ ಕೊಡುತ್ತಾರೆ, ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳಲು. ತರಗೆಲೆ ರಾಶಿ ಮೇಲೆ ಕೂತು ಬುತ್ತಿ ಬಿಚ್ಚಬೇಡಿ, ಬೋಳು ಕಲ್ಲು ನೋಡಿ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯಬೇಡಿ. ಅದರ ಮೈಮೇಲಿನ ಉಣುಗೆಲ್ಲ ಇಳಿದು ಸುತ್ತ ಹರಡಿರುತ್ತವೆ. ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ವಾಪಸ್ ಹೋದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ. ಬಟ್ಟೆ ಬಿಸಿನೀರಿನಲ್ಲಿ ನೆನೆಸಿ. ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನುಲಿತ ಬಂದರೆ ಡಾಕ್ಟರಿಗೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಅಂತ ಬಾಯಿಬಿಟ್ಟು ಹೇಳಿ. ತುಮಕೂರಿನ ಡಾಕ್ಟರಿಗೆ ನೀವು ಹೇಳದೆ ಅದು ಹೊಳೆಯುವುದು ಕಷ್ಟ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ, ಜೊತೆಗಿದ್ದವರು ಗಾಬರಿಯಾಗುವುದು ಬೇಡ.

ಬೈಕ್ ಬಸ್ಯಾ:
ಅಕ್ಕಾ, ಇದನ್ನು ಎಲ್ಲ ಟ್ರೆಕ್ಕಿಂಗ್ ಗ್ರೂಪಿಗೂ ಹಾಕಬೇಕು. ಕೊಡಚಾದ್ರಿಗೆ ಹೋಗಿ ಬಂದವನು ನಾನು, ಇದರ ಬಗ್ಗೆ ಒಬ್ಬನೂ ಒಂದು ಮಾತು ಹೇಳಿರಲಿಲ್ಲ.

ಪಾತರಗಿತ್ತಿ:
ವಾಕರ್ ಸರ್, ಕೊಡಚಾದ್ರಿಯನ್ನು ಮುಂದಿನ ಅಕ್ಟೋಬರ್, ನವೆಂಬರಿಗೆ ಹಾಕಿ. ಆಗ ಹಸಿರೂ ಇರುತ್ತದೆ, ಜಿಗಣೆ ಸ್ವಲ್ಪ ಇದ್ದರೂ ಉಪ್ಪು, ಸುಣ್ಣ ಇದ್ದೇ ಇದೆ. ಜನವರಿ ಕೊನೆಗೆ ನಿಮ್ಮ ಪಕ್ಕದ ಮಧುಗಿರಿ, ಸಿದ್ಧರ ಬೆಟ್ಟ ಇವೆಯಲ್ಲ?

ಘಟ್ಟದ ಕೆಳಗಿನವ:
ಕುಮಾರ ಪರ್ವತಕ್ಕೂ ಅಷ್ಟೇ. ದೇವರಾಯನದುರ್ಗ, ಮಧುಗಿರಿ ಎರಡೂ ನಡೆದು ಉಸಿರು ಹಿಡಿದವರು ಎಂಟು ಜನ ಮಾತ್ರ ಬನ್ನಿ, ವಾರದ ನಡುವಿನ ದಿನ. ಸೋಮವಾರಪೇಟೆ ಕಡೆ ಬೀದಹಳ್ಳಿಯಿಂದ ಹತ್ತಿದರೆ ದಾರಿ ಅರ್ಧದಷ್ಟು. ಅದಕ್ಕೂ ಪರ್ಮಿಟ್ ಬೇಕು. ಬರುವಾಗ ಪ್ಲಾಸ್ಟಿಕ್ ಕಡಿಮೆ ತನ್ನಿ, ಚೆಕ್‌ಪೋಸ್ಟಿನಲ್ಲಿ ಬ್ಯಾಗು ಬಿಚ್ಚಿಸಿ ಬಾಟಲಿ ಎಣಿಸುತ್ತಾರೆ, ಇಳಿಯುವಾಗ ಅಷ್ಟೂ ತೋರಿಸಬೇಕು.

ತುಮಕೂರ್ ವಾಕರ್:
ಸರಿ, ಹೀಗೆ ಗಟ್ಟಿ ಮಾಡಿದ್ದೇವೆ. ಡಿಸೆಂಬರಿನ ಮೂರು ಭಾನುವಾರ, ಸಲಕ್ಕೆ ಎಂಟೊಂಬತ್ತು ಜನ, ದೇವರಾಯನದುರ್ಗ. ನಾಳೆಯೇ ಅರಣ್ಯ ಕಚೇರಿಗೆ ಅರ್ಜಿ ಕೊಡುತ್ತೇವೆ. ಒಳದಾರಿ ಕೊಡದಿದ್ದರೆ ನಾಮದ ಚಿಲುಮೆಯಿಂದ ರಸ್ತೆ ಬದಿಯಲ್ಲೇ ಮೇಲಿನ ದೇವಸ್ಥಾನದವರೆಗೆ ನಡೆಯುವುದು. ಜನವರಿಗೆ ಮಧುಗಿರಿ. ಕೊಡಚಾದ್ರಿ ಮುಂದಿನ ವರ್ಷಕ್ಕೆ. ಕುಮಾರ ಪರ್ವತ ಯಾರಿಗೆ ಅನ್ನುವುದನ್ನು ಮಧುಗಿರಿ ಹತ್ತಿದ ಮೇಲೆ ನೋಡೋಣ. ಮೇಷ್ಟ್ರು ಎರಡನೇ ಗುಂಪಿನಲ್ಲಿ ಎರಡನೆಯವರು. ಒಪ್ಪಿದ್ದಾರೆ, ಆದರೆ ಪೀಪಿ ತಮಗೇ ಬೇಕಂತೆ.

ಹಳೇ ಬೂಟು:
ಕೊಡಿ. ಆದರೆ ಕೊನೆಯವರಿಗೂ ಒಂದು ಇರಲಿ. ಬೆಳಿಗ್ಗೆ ಹದಿನೈದು ಡಿಗ್ರಿ ಆಸುಪಾಸು ಇರುತ್ತದೆ, ಒಂದು ದಪ್ಪ ಸ್ವೆಟರಿನ ಬದಲು ತೆಳುವಾದ ಎರಡು ಪದರ ಹಾಕಿ, ಬೆವರು ಬರುವ ಮೊದಲೇ ಒಂದು ತೆಗೆಯಿರಿ. ಬ್ಯಾಗಿನಲ್ಲಿ ಒಣ ಬನಿಯನ್ ಒಂದು ಇರಲಿ, ಮೇಲೆ ಗಾಳಿಗೆ ಒದ್ದೆ ಬಟ್ಟೆ ಮೈಗಂಟಿದರೆ ನಡುಕ ಬಿಡುವುದಿಲ್ಲ. ಒಬ್ಬರಿಗೆ ಎರಡು ಲೀಟರ್ ನೀರು, ಟಾರ್ಚ್ ಕಡ್ಡಾಯ.

ಬೈಕ್ ಬಸ್ಯಾ:
ಮೂರನೇ ಗುಂಪಿನಲ್ಲಿ ಒಂದು ಜಾಗ ಇದ್ದರೆ ಹೇಳಿ ಸರ್. ಸ್ಪೀಕರ್ ಮನೆಯಲ್ಲೇ ಬಿಟ್ಟು ಬರುತ್ತೇನೆ.

ತುಮಕೂರ್ ವಾಕರ್:
ಇದೆ. ಆಧಾರ್ ಕಾರ್ಡ್ ತನ್ನಿ.